ಗಾಜಿನ ಪೆಟ್ಟಿಗೆಯ ಮುಂದೆ ಅರ್ಧಕ್ಕೆ ನಿಂತ ಅಳು

ಮುಂಬೈಯ ವಸ್ತುಸಂಗ್ರಹಾಲಯವೊಂದರ ಮೇಲಧಿಕಾರಿಗಳಿಗೆ

ಮಾನ್ಯರೇ,

ಹೆಣದ ಮುಂದೆ ಕುಳಿತು ಅಳುವುದು ಅಪರಾಧವೆಂದು ಈ ಮುದುಕನಿಗೆ ತಿಳಿದದ್ದು ನಿಮ್ಮ ವಸ್ತುಸಂಗ್ರಹಾಲಯದಲ್ಲಿ. ಕಳೆದ ಮಾಘದಲ್ಲಿ ನನ್ನ ಹೆಂಡತಿ ರಾಚವ್ವನನ್ನು ನೀವು ಅಲ್ಲಿಂದ ಎಬ್ಬಿಸಿ ಹೊರಗೆ ಹಾಕಿಸಿದಿರಿ. ಅವಳ ಅಳು ಅರ್ಧಕ್ಕೆ ನಿಂತಿದೆ. ಉಳಿದರ್ಧ ಅಳಲು ನಿಮ್ಮ ಅಪ್ಪಣೆ ಬೇಕು. ಇದನ್ನೇ ಎರಡು ಸಲ ಟಪಾಲಿನಲ್ಲಿ ಕೇಳಿದೆ, ಉತ್ತರ ಬರಲಿಲ್ಲ. ಸಾವಿರಾರು ವರ್ಷದ ಹಿಂದಿನ ಲಿಪಿ ಓದುವ ನಿಮಗೆ ಧಾರವಾಡ ಜಿಲ್ಲೆಯ ಕನ್ನಡ ಓದಲು ಬರಲಿಲ್ಲವೆಂದರೆ ನಂಬಲಾರೆ. ನಾವಿನ್ನೂ ಮುಂಬೈ ರಾಜ್ಯದ ಪ್ರಜೆಗಳೇ. ನಾಳೆ ರಾಜ್ಯಗಳು ಬೇರೆಯಾದ ಮೇಲೆ ಪರರಾಜ್ಯದ ಕಣ್ಣೀರೆಂದು ಸುಂಕ ಹಾಕೀರೆಂಬ ಹೆದರಿಕೆಯಿಂದ ಈಗಲೇ ಪತ್ರಿಕೆಯಲ್ಲಿ ನಾಲ್ಕು ಜನರೆದುರು ಕೇಳುತ್ತಿದ್ದೇನೆ.

ನಮ್ಮ ಮಗ ಶೆಟ್ಟೆಪ್ಪ ನಿಮ್ಮ ಊರಿನ ಬಂದರಿನಲ್ಲಿ ಹಡಗಿನಿಂದ ಮೂಟೆ ಇಳಿಸುತ್ತಿದ್ದ. ಯುದ್ಧದ ಕಾಲದಲ್ಲಿ ಮದ್ದು ತುಂಬಿದ ಹಡಗು ಅಲ್ಲಿ ಸಿಡಿಯಿತಲ್ಲ, ಆ ದಿನ ಕೆಲಸಕ್ಕೆ ಹೋದವನು ತಾನಿದ್ದ ಚಾಳಿನ ಕೋಣೆಗೆ ಮರಳಲಿಲ್ಲ. ನಾನು ಬಂದು ಆಸ್ಪತ್ರೆ ಆಸ್ಪತ್ರೆ ತಿರುಗಿದೆ. ಗುರುತು ಸಿಗದ ಹೆಣಗಳನ್ನು ಆಗಲೇ ಸಾಗಿಸಿದ್ದರು. ಬರಿಗೈಯಲ್ಲಿ ಊರಿಗೆ ಹೋದೆ.

ನಮ್ಮ ಕಡೆ ಸತ್ತವರ ಮನೆಗೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ಹೆಂಗಸರು ಹೆಣದ ಮುಂದೆ ಕುಳಿತು ಹಾಡಿಕೊಂಡು ಅಳುತ್ತಾರೆ. ತೊಟ್ಟಿಲಿನಿಂದ ಶುರುಮಾಡಿ ಅವನ ಬಾಳನ್ನೆಲ್ಲ ಹಾಡಿ, ಕೊನೆಗೆ ‘ಹೋಗಿ ಬಾ’ ಎಂದು ಹಿಡಿ ಮಣ್ಣು ಕೊಟ್ಟು ಏಳುತ್ತಾರೆ. ನಡುವೆ ಏಳಬಾರದು. ಎದ್ದರೆ, ಹಾಡು ಎಲ್ಲಿ ನಿಂತಿತೋ ಸತ್ತವನೂ ಅಲ್ಲೇ ನಿಲ್ಲುತ್ತಾನೆ. ಊರಲ್ಲಿ ಯಾರ ಮಣ್ಣಿದ್ದರೂ ರಾಚವ್ವ ಬೇಕು. ಬದುಕಿದ್ದಾಗ ಬೈದವರನ್ನೂ ಸತ್ತಮೇಲೆ ಹಾಡಿ ಹೊಗಳಿ ಸಾಗಹಾಕಿದವಳು. ಹೆತ್ತ ಮಗನಿಗೆ ಮಾತ್ರ ಅಳಲಿಲ್ಲ. ಅಳು ಎಂದವರಿಗೆಲ್ಲ ಒಂದೇ ಮಾತು: “ಹೆಣಾ ತೋರಸ್ರಿ, ಅಳತೇನಿ.”

ಮುಂಬೈಯ ಹೆಸರನ್ನೇ ಎತ್ತದವಳು ಈ ಸಲ ಪರೇಲಿನಲ್ಲಿರುವ ನನ್ನ ತಮ್ಮನ ಮಗ ಪರಪ್ಪನ ಕೂಸಿಗೆ ಹೆಸರಿಡಲು ಬಂದಳು. ಹೊರಡುವ ದಿನ ಸಂಜೆಯ ಗಾಡಿಯ ತನಕ ಹೊತ್ತು ಹೋಗಬೇಕಲ್ಲ, ಪರಪ್ಪ ನಮ್ಮನ್ನು ನಿಮ್ಮಲ್ಲಿಗೆ ಕರೆತಂದ. ಕೈ ಮುರಿದ ದೇವಿಯರು, ಪೂಜೆಯಿಲ್ಲದ ದೇವರು, ತುಕ್ಕು ಹಿಡಿದ ಕತ್ತಿಗಳು. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ.

“ಪರಪ್ಪಾ, ನಾನೂ ಹಳೇ ಸಾಮಾನನ ಅದೀನಿ. ನನಗೂ ಒಂದು ಗಾಜಿನ ಡಬ್ಬಿ ಸಿಗತೈತೇನು ಕೇಳು.”

“ನಿಮ್ಮನ್ನಿಟ್ರ ಮಂದಿ ದೇವರನ್ನ ಬಿಟ್ಟ ನಿಮ್ಮ ಮುಂದ ನಿಲ್ತಾರ, ದೊಡ್ಡಪ್ಪಾ.”

“ಮುಚ್ಚಳಾ ಗಟ್ಟಿ ಇರ್ಲಿ ಅಂತ ಹೇಳೋ ತಮ್ಮಾ,” ಎಂದಳು ರಾಚವ್ವ.

ಹೀಗೆ ಅಂದವಳು ಮುಂದಿನ ಕೋಣೆಯಲ್ಲಿ ನಿಂತುಬಿಟ್ಟಳು. ಗಾಜಿನ ಪೆಟ್ಟಿಗೆಯಲ್ಲಿ ಮೈತುಂಬ ಬಟ್ಟೆ ಸುತ್ತಿದ ಹೆಣ.

“ಏನ ಬರದಾರ?”

ಪರಪ್ಪ ಇಂಗ್ಲಿಷಿನ ಚೀಟಿ ಓದಿದ. “ಈಜಿಪ್ಟ್ ಅನ್ನೋ ದೇಶದ್ದಂತ ದೊಡ್ಡವ್ವಾ. ಭಾಳ ಹಿಂದಿಂದು. ಹರೇದ ಹುಡುಗ. ಹೆಸರ ಗೊತ್ತಿಲ್ಲಂತ.”

“ಇವನ ಅವ್ವ?”

“ಅದನ್ನ ಬರದಿಲ್ಲ.”

“ಯಾರರ ಅತ್ತಾರೇನು ಇವಗ?”

ಪರಪ್ಪ ಮತ್ತೆ ಚೀಟಿಯತ್ತ ಬಗ್ಗಿದ. ನಿಮ್ಮಲ್ಲಿ ಉತ್ತರವಿದೆಯೇ, ಮಾನ್ಯರೇ? ಆ ಹುಡುಗನ ಉದ್ದ ಅಳೆದಿದ್ದೀರಿ, ಬಟ್ಟೆಯ ನೂಲು ಪರೀಕ್ಷಿಸಿದ್ದೀರಿ. ಅವನಿಗಾಗಿ ಯಾರಾದರೂ ಅತ್ತರೇ ಎಂದು ಕೇಳಿಕೊಂಡಿದ್ದೀರಾ?

ರಾಚವ್ವ ತಲೆಯ ಮೇಲೆ ಸೆರಗೆಳೆದುಕೊಂಡು ನೆಲಕ್ಕೆ ಕುಳಿತಳು. “ಎಣ್ಣಿ ಹಚ್ಚಿ ಎರದ ನೆತ್ತಿಗಿ, ಯಾರ ಸುತ್ಯಾರೋ ಈ ಅರಿವಿ...” ಮೊದಲ ಸೊಲ್ಲು ಆ ಪರದೇಶಿ ಹುಡುಗನದು. ಎರಡನೆಯ ಸೊಲ್ಲಿಗೆ ಶೆಟ್ಟೆಪ್ಪನ ಹೆಸರು ಬಂತು. ಇಷ್ಟು ವರ್ಷ ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿರಲಿಲ್ಲ.

ನಿಮ್ಮ ಕಾವಲುಗಾರ ದೂಜ, ಉಡುಪಿ ಕಡೆಯವನು, ಓಡಿಬಂದ. “ಅಮ್ಮ, ಸ್ವಲ್ಪ ಮೆಲ್ಲ ಮಾಡಿ. ಸಾಹೇಬ್ರಿಗೆ ಕೇಳಿದ್ರೆ ನನ್ನ ಕೆಲ್ಸ ಹೋಗ್ತದೆ.” ನಾಲ್ಕು ಸೊಲ್ಲು ಕೇಳಿದವನು ಟೋಪಿ ತೆಗೆದು ಬಾಗಿಲಿಗೆ ಅಡ್ಡ ನಿಂತು, ಒಳಗೆ ಬರುವ ಮಂದಿಯನ್ನು ಬೇರೆ ಕೋಣೆಗೆ ಕಳಿಸತೊಡಗಿದ. ಅವನ ಮೇಲೆ ಕ್ರಮ ಕೈಗೊಳ್ಳುವ ಆಲೋಚನೆಯಿದ್ದರೆ, ಮೊದಲು ಮನುಷ್ಯನಾಗಿದ್ದದ್ದೇ ಅವನ ತಪ್ಪೆಂದು ಬರೆದು ಆಮೇಲೆ ಸಹಿ ಹಾಕಿ.

ತೊಟ್ಟಿಲು, ಅಂಬೆಗಾಲು, ಗರಡಿಯ ಕೆಮ್ಮಣ್ಣು ಎಲ್ಲ ದಾಟಿ, ರಾಚವ್ವ ಶೆಟ್ಟೆಪ್ಪ ಮುಂಬೈಗೆ ಹೊರಟ ದಿನಕ್ಕೆ ಬಂದಳು. “ಹೊಸ ಕಾಲ್ಮರಿ ಮೆಟ್ಟಿಕೊಂಡು, ಹೊಸ್ತಿಲದಾಗ ನಿಂತಗೊಂಡು...” ಮಗ ಹೊಸ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತ ಆ ಸೊಲ್ಲಿಗೇ ನೀವು ಬಂದಿರಿ. “ಕ್ಯಾ ಆಪ್ ಕಾ ರಿಶ್ತೇದಾರ್ ಹೈ?” ಎಂದು ನೆಂಟಸ್ತನ ಕೇಳಿದಿರಿ. ನಿಮ್ಮ ಹಿಂದೆಯೇ ಒಳಗೆ ಬಂದ ಮಂದಿ ನಕ್ಕರು. “ಹಾಂ ಸಾಹೇಬ್, ಹಮಾರಾ ಲಡ್ಕಾ ಹೈ,” ನಮ್ಮ ಮಗನೇ ಎಂದೆ ನಾನು. ಮತ್ತಷ್ಟು ನಕ್ಕರು. ಬಾಳೆಲ್ಲ ನಾನು ಹೇಳಿದ ಸುಳ್ಳನ್ನು ಮಂದಿ ನಂಬಿದರು, ಅಂದು ನಿಜ ಹೇಳಿದರೆ ಚೇಷ್ಟೆ ಎಂದುಕೊಂಡರು. ನಿಮ್ಮ ಸಿಪಾಯಿಗಳು ರಾಚವ್ವನ ರಟ್ಟೆ ಹಿಡಿದು ಎಬ್ಬಿಸಿದರು.

ಮುಟ್ಟಬೇಡಿ, ಉಗುಳಬೇಡಿ ಎಂದು ಗೋಡೆಗೆ ಬರೆಸಿದ್ದೀರಿ. ಅಳಬೇಡಿ ಎಂದು ಎಲ್ಲಿ ಬರೆಸಿದ್ದೀರಿ? ಶಾಂತಿ ಕೆಟ್ಟಿತಂತೆ. ಯಾರದು? ಪೆಟ್ಟಿಗೆಯಲ್ಲಿದ್ದವನು ದೂರು ಕೊಟ್ಟನೇ? ನಿಮ್ಮದು ವಸ್ತುಸಂಗ್ರಹಾಲಯ, ಒಪ್ಪಿದೆ. ಆದರೆ ಆ ಹುಡುಗ ವಸ್ತುವಾದದ್ದು ಯಾವಾಗ? ನಿಮ್ಮ ಸಂಗ್ರಹ ನೋಡಲು ಬಂದವರು ಗ್ರಹಚಾರ ಕಟ್ಟಿಕೊಂಡು ಗಾಡಿ ಹತ್ತಿದೆವು.

ಹರೆಯದಲ್ಲಿ ಹುಣಸೆಮರ ಹತ್ತಿ, ದೆವ್ವದ ದನಿ ತೆಗೆದು, ಗೌಡರ ಧೋತರ ಒದ್ದೆ ಮಾಡಿಸಿದವನು ನಾನು. ನಮ್ಮೂರಿನ ಅರ್ಧ ದೆವ್ವಗಳು ನನ್ನ ಹುಟ್ಟುವಳಿ. ಈಗ ದಿನಾ ದೀಪ ಹಚ್ಚುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಹೊಸ ಚಪ್ಪಲಿ ಕಿರುಗುಟ್ಟುವ ಸದ್ದು. ಹೊಸ್ತಿಲ ತನಕ ಬರುತ್ತದೆ, ನಿಲ್ಲುತ್ತದೆ. ಒಳಗೂ ಬರುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ಯಾವನೋ ನನ್ನ ವಿದ್ಯೆಯನ್ನು ನನಗೇ ತೋರಿಸುತ್ತಿದ್ದಾನೆಂದು ಬಡಿಗೆ ಹಿಡಿದು ಹೊರಗೆ ಹೋದೆ. ಯಾರೂ ಇಲ್ಲ. ಶೆಟ್ಟೆಪ್ಪ ಹೋದ ಎಷ್ಟೋ ವರ್ಷಕ್ಕೆ ಹುಟ್ಟಿದ ನಮ್ಮ ನಾಯಿ, ಬರಿಯ ಹೊಸ್ತಿಲನ್ನು ನೋಡುತ್ತ ಬಾಲ ಅಲ್ಲಾಡಿಸುತ್ತಿತ್ತು.

ಒಳಗಿನಿಂದ ರಾಚವ್ವ ಕೇಳಿದಳು, “ನಿಂತಾನ?”

“ನಿಂತಾನ.”

“ಅಲ್ಲೇ ಬಿಟ್ಟ ಬಂದೀನಲ್ಲ, ಎಲ್ಲಿ ಹೋದಾನು.”

“ಉಳಿದದ್ದ ಇಲ್ಲೇ ಅತ್ತಬಿಡಲ್ಲ.”

“ಇಲ್ಲೆ ಯಾರ ಮುಂದ ಅಳ್ಲಿ? ಹೆಣಾ ಅಲ್ಲಿ ಐತಿ.”

ಆದ್ದರಿಂದ ಮಾನ್ಯರೇ, ಆ ಹುಡುಗನನ್ನು ನಮಗೆ ಕೊಡಿ ಎನ್ನುವುದಿಲ್ಲ. ಪೆಟ್ಟಿಗೆಯ ಬೀಗ ತೆಗೆಯಿರಿ ಎನ್ನುವುದಿಲ್ಲ. ಒಂದು ಮುಂಜಾನೆ, ಮಂದಿ ಬರುವ ಮೊದಲು, ರಾಚವ್ವ ಅವನೆದುರು ಕುಳಿತು ತನ್ನ ಹಾಡು ಮುಗಿಸಲಿ. ಪೆಟ್ಟಿಗೆಯ ಕಾಲಬುಡಕ್ಕೆ ನಮ್ಮ ಹೊಲದ ಒಂದು ಹಿಡಿ ಮಣ್ಣು ಹಾಕಲಿ. ಆಮೇಲೆ ದೂಜ ಕಸ ಗುಡಿಸಿದರೆ ಅಡ್ಡಿಯಿಲ್ಲ.

ಅಪ್ಪಣೆ ಕೊಟ್ಟರೆ ಮೊದಲ ಗಾಡಿಗೇ ಹೊರಡುತ್ತೇವೆ. ಬರುವಾಗ ಮೂರು ಜನ ಬರುತ್ತೇವೆ. ಹೋಗುವಾಗ ನಮ್ಮನ್ನು ಇಬ್ಬರನ್ನೇ ಕಳಿಸಿಕೊಡಿ.

ಇಂತಿ,
ಊರಿಗೆಲ್ಲ ದೆವ್ವ ತೋರಿಸಿ, ಈಗ ತನ್ನ ಮನೆಯ ಹೊಸ್ತಿಲು ದಾಟಲು ಪಕ್ಕಕ್ಕೆ ಸರಿದು ನಡೆಯುವ
ನೀಲಕಂಠಪ್ಪ