ಸರಿಸಮ ಬ್ಯಾಡ

ಜನವರಿ 8, 1996. ಸೋಮವಾರ

ಫಸ್ಟ್ ಶಿಫ್ಟು. ಆರುನೂರು ರೊಟ್ಟಿ. ಹಿಟ್ಟು ಹಳೆಯದು, ಜಿಗಿ ಇಲ್ಲ.

ಕ್ಯಾಂಟೀನಿನ ನಾವು ಹನ್ನೆರಡು ಮಂದಿ ಪರ್ಮನೆಂಟಿನವರ ಸಮ ಪಗಾರ ಕೇಳಿ ಗುಲಬರ್ಗಾ ಲೇಬರ್ ಕೋರ್ಟಿಗೆ ಹೋದದ್ದು ಈಗ ಇಡೀ ಫ್ಯಾಕ್ಟರಿಯ ಬಾಯಲ್ಲಿ. ಊಟದ ಸಾಲಿನಲ್ಲಿ ಪ್ಯಾಕಿಂಗಿನ ಸಿದ್ರಾಮ ತಟ್ಟೆ ಮುಂದೆ ಹಿಡಿದ. "ಜಗದೇವಕ್ಕ, ರೊಟ್ಟಿ ಹಾಕ್ತಿಯೋ, ಇದಕ್ಕೂ ಜಡ್ಜ್ ಸಾಹೇಬ್ರ ಆರ್ಡರ್ ತರ್ಬೇಕೋ?"

ಸಾಲೆಲ್ಲ ನಕ್ಕಿತು. ಅವನ ಹಿಂದೆಯೇ ನಮ್ಮ ಮನೆಯವರು. ಸಿಮೆಂಟು ಭಟ್ಟಿಯ ಆಪರೇಟರ್. ಪರ್ಮನೆಂಟು. ಅವರೂ ನಕ್ಕರು.

ಕರಕಾದ ರೊಟ್ಟಿ ಹುಡುಕಿ ಅವರ ತಟ್ಟೆಗೆ ಹಾಕಿದೆ.

ಜನವರಿ 21, ರವಿವಾರ

ಮನೆಯವರು ಕೇಸಿನಿಂದ ಹೆಸರು ತೆಗಿ ಎಂದರು. ಚಹಾ ಕುಡಿಯುತ್ತ, ಸಹಜ ಮಾತಿನ ಹಾಗೆ.

"ಯೂನಿಯನ್ನಾಗ ಮಂದಿ ನನ್ನ ಮಾರಿ ನೋಡಿ ನಗ್ತಾರ."

"ಭಟ್ಟಿ ಝಳಕ್ಕ ನಿಮಗ ಅಲೋಯನ್ಸ್ ಅದ. ನನ್ನ ಒಲಿ ಏನ್ ಐಸ್ ಗಡ್ಡಿ ಏನ್ರಿ?"

"ನೀ ಕಂಟ್ರಾಕ್ಟರನ ಆಳು. ಕಂಪನಿ ಆಳಲ್ಲ."

"ಹತ್ತೊಂಬತ್ತು ವರ್ಷದಾಗ ನಾಕು ಮಂದಿ ಕಂಟ್ರಾಕ್ಟರು ಬಂದು ಹೋದ್ರು. ನಾ ಅದೇ ಒಲಿ ಮುಂದ ಕುಂತೀನಿ. ಮತ್ತ ನಾ ಯಾರ ಆಳು?"

ಹೆಚ್ಚು ಪಗಾರ ಬಂದರೆ ಅದೂ ಇದೇ ಮನೆಗೆ ಬರುತ್ತದಲ್ಲ ಎಂದೆ. ಕಪ್ಪು ಕೆಳಗಿಟ್ಟರು.

"ಬರ್ಲಿ. ರೊಕ್ಕ ಬ್ಯಾಡಂತಿಲ್ಲ. ಸರಿಸಮ ಬ್ಯಾಡ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಆಡಿದ ಒಂದೇ ನಿಜವಾದ ಮಾತು.

ಫೆಬ್ರುವರಿ 3

ವಕೀಲ ಹರಸೂರರು ಹೇಳಿದರು — ಕ್ಯಾಂಟೀನ್ ನಡೆಸುವುದು ಕಂಪನಿಯೇ ಎಂದು ತೋರಿಸಬೇಕು. ನಿಮ್ಮ ರಜೆ ಯಾರು ಕೊಡುತ್ತಾರೆ, ಪಗಾರ ಯಾರು ಕಡಿಯುತ್ತಾರೆ?

ಕ್ಯಾಂಟೀನ್ ಕಮಿಟಿ. ಕಂಪನಿಯ ಪರ್ಸನೆಲ್ ಆಫೀಸರ್ ಸಾಹೇಬರು ಅಧ್ಯಕ್ಷರು. ಎಲ್ಲ ರಜಿಸ್ಟರಿನಲ್ಲಿ ಬರೆಯುತ್ತಾರೆ. 91ರಲ್ಲಿ ಬಾಣಲೆ ಮಗುಚಿ ಕುದಿಯುವ ಎಣ್ಣೆ ಎಡಗೈ ಮೇಲೆ ಬಿತ್ತು. ಮೊಣಕೈವರೆಗೆ ಚರ್ಮ ಸುಲಿದಿತ್ತು. ಎಂಟು ದಿನ ಮನೆಯಲ್ಲಿ ಮಲಗಿದೆ, ಎಂಟೂ ದಿನದ ಪಗಾರ ಕಡಿದು ಬಿನ್‌ಪಗಾರಿ. ರಜಿಸ್ಟರಿನ ಆ ಪುಟಕ್ಕೆ ಸಾಹೇಬರ ಸಹಿ ಇದೆ. ಕೆಳಗೆ ಮೆಂಬರನ ಸಹಿ — ನಮ್ಮ ಮನೆಯವರದು. ಅವರೇ ಅಂದು ಬಂದು ಹೇಳಿದ್ದರು. "ರೂಲ್ ಅಂದ್ರ ರೂಲ್. ನನ್ನ ಹೆಂಡ್ತಿ ಅಂತ ಬಿಡ್ಲಿಲ್ಲ ನೋಡು." ಹೆಮ್ಮೆಯಿಂದ.

ವಕೀಲರು ರಜಿಸ್ಟರು ಕೇಳಿ ಅರ್ಜಿ ಹಾಕಿದ್ದಾರೆ.

ಫೆಬ್ರುವರಿ 26

ರಜಿಸ್ಟರು ಸಿಗುತ್ತಿಲ್ಲವಂತೆ. ಗೆದ್ದಲು ತಿಂದಿರಬೇಕಂತೆ. ಸಿಮೆಂಟು ಫ್ಯಾಕ್ಟರಿಯಲ್ಲಿ ಗೆದ್ದಲು!

ಇಂದು ನೋಟೀಸ್ ಬೋರ್ಡಿಗೆ ಫೋರ್ಮನ್ ಬಡ್ತಿಯ ಲಿಸ್ಟು ಹಚ್ಚಿದರು. ಮೊದಲ ಹೆಸರು ನಮ್ಮ ಮನೆಯವರದು. ಅನ್ನದ ಒಲೆಯ ಮಹಬೂಬಬಿ ಓದಿಸಿಕೊಂಡು ಬಂದಳು.

"ಪೇಡೆ ತಿನ್ನಿಸ್ತಿ ಏನವ್ವಾ?"

"ವಿಷ ತಿನ್ನಿಸ್ತೀನಿ."

ಸಂಜೆ ತಿಳಿಯಿತು. ಕಂಪನಿಯ ಕಡೆ ಸಾಕ್ಷಿ ಅವರೇ.

ಮಾರ್ಚ್ 19, ಮಂಗಳವಾರ. ಗುಲಬರ್ಗಾ

ಒಂದೇ ಮನೆಯಿಂದ ಎರಡು ಬಸ್ಸಿನಲ್ಲಿ ಬಂದೆವು.

ಮೊದಲು ಕಟಕಟೆಗೆ ನನ್ನ ಗಂಡ. ಇಸ್ತ್ರಿ ಅಂಗಿ. ಆ ಅಂಗಿ ಒಗೆದದ್ದು ನಾನು. ಕಮಿಟಿ ಬರೀ ಸಾರಿನ ರುಚಿ ನೋಡಲಿಕ್ಕೆ ಅಂದ. ಕ್ಯಾಂಟೀನ್ ಆಳುಗಳಿಗೂ ಕಂಪನಿಗೂ ಸಂಬಂಧ ಇಲ್ಲ ಅಂದ.

ಹರಸೂರರು ಕೇಳಿದರು, "ನಿಮ್ಮ ಹೆಂಡ್ತಿ ಕೈ ಸುಟ್ಟಾಗ ಪಗಾರ ಕಡದವ್ರು ಯಾರು?"

"ನೆನಪಿಲ್ರಿ."

"ಕೈ ಸುಟ್ಟಿದ್ದಾದ್ರೂ ನೆನಪದ ಏನು?"

ಅಂಗಿಯ ತೋಳು ಎಳೆದುಕೊಂಡ.

ಆಮೇಲೆ ನಾನು. ಗಂಡನ ಹೆಸರು ಕೇಳಿದರು. ಈವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. "ಅಂಬಾರಾಯ" ಎಂದೆ. ನಾಲಿಗೆ ತಡೆಯಲಿಲ್ಲ. ರಜಿಸ್ಟರು, ಸಹಿ, ಆತ ಮನೆಗೆ ಬಂದು ಆಡಿದ ಮಾತು — ಇದ್ದದ್ದು ಇದ್ದ ಹಾಗೆ ಹೇಳಿದೆ.

ಕಂಪನಿ ವಕೀಲ ಎದ್ದ. "ನಿಮಗ ಗಂಡನ ಮ್ಯಾಲ ಸಿಟ್ಟದ. ಅದಕ್ಕ ಹೀಂಗ ಹೇಳ್ಲಕತ್ತೀರಿ."

"ಸಿಟ್ಟದ ರೀ. ಭಾಳ ಅದ. ಆದರ ಕೈ ಸುಟ್ಟಿದ್ದು ಎಣ್ಣಿಲಿಂದ."

ಸೆರಗು ಸರಿಸಿ ತೋರಿಸಿದೆ. ಜಡ್ಜ್ ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಅಂಬಾರಾಯ ಕಿಟಕಿಯ ಕಡೆ ನೋಡಿದ.

ಜೂನ್ 14

ಮೂರು ತಿಂಗಳು ಬರೆಯಲಿಲ್ಲ. ಮನೆಯಲ್ಲಿ ಮಾತಿಲ್ಲ. ಆತ ಹೊರಕೋಣೆ, ನಾನು ಒಳಗೆ. ರೊಟ್ಟಿ ಮಾಡಿ ಮುಚ್ಚಿಡುತ್ತೇನೆ. ತಿನ್ನುತ್ತಾನೆ.

ಇಂದು ತೀರ್ಪು. ಗೆದ್ದೆವು. ಕಂಟ್ರಾಕ್ಟರು ಬರೀ ಹೆಸರಿಗೆ, ಇವರು ಕಂಪನಿಯ ಕೆಲಸಗಾರರೇ, ಸಮ ಪಗಾರ ಕೊಡಿ. ಮಹಬೂಬಬಿ ಕೋರ್ಟಿನ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನನಗೆ ಅಳು ಬರಲಿಲ್ಲ.

ಜುಲೈ 2

ಕಂಪನಿ ಹೈಕೋರ್ಟಿಗೆ ಹೋಗಿ ಸ್ಟೇ ತಂದಿದೆ. ಪಗಾರ ಹಳೆಯದೇ. ವರ್ಷಗಟ್ಟಲೆ ಆಗಬಹುದು ಎನ್ನುತ್ತಾರೆ ಹರಸೂರರು. ಆಗಲಿ.

ಸ್ಟೇ ಬಂದರೂ ಪರ್ಮನೆಂಟಿನವರ ಹೊಟ್ಟೆಯುರಿ ಆರಿಲ್ಲ. ಅವರ ಯೂನಿಯನ್ ಗೇಟಿನಲ್ಲಿ ಮೀಟಿಂಗು ಮಾಡಿತು. ನಾಳೆಯಿಂದ ಕ್ಯಾಂಟೀನ್ ಬಹಿಷ್ಕಾರ. ಎಲ್ಲರೂ ಮನೆಯಿಂದ ಡಬ್ಬಿ ತರಬೇಕು. ಮೈಕಿನಲ್ಲಿ ಕೂಗಿದ್ದು ಫೋರ್ಮನ್ ಅಂಬಾರಾಯ.

ಜುಲೈ 3

ಬೆಳಿಗ್ಗೆ ಒಲೆಯ ಪಕ್ಕ ಹೊಸ ಡಬ್ಬಿ. ಮೂರು ಖಾನೆಯದು. ಬಾಯಿಬಿಟ್ಟು ಕೇಳಲಿಲ್ಲ, ಇಟ್ಟು ಹೋಗಿದ್ದ.

ಒಲೆ ಹಚ್ಚದೆ ಶಿಫ್ಟಿಗೆ ಹೋದೆ.

ಕ್ಯಾಂಟೀನಿನಲ್ಲಿ ಇನ್ನೂರು ರೊಟ್ಟಿಯೂ ಖರ್ಚಾಗಲಿಲ್ಲ. ಸಿದ್ರಾಮ ಕಿಟಕಿಯ ಎದುರಿಗೇ ಕುಳಿತು ಡಬ್ಬಿ ಬಿಚ್ಚಿ ಚಪ್ಪರಿಸಿದ. ಉಳಿದದ್ದನ್ನು ಲಾರಿ ಡ್ರೈವರುಗಳಿಗೆ ಹಂಚಿದೆವು.

ಜುಲೈ 6

ಡಬ್ಬಿ ಅಲ್ಲೇ ಇದೆ. ಈಗ ಮನೆಯಲ್ಲಿ ನನಗೊಬ್ಬಳಿಗೇ ಮಾಡಿಕೊಳ್ಳುತ್ತೇನೆ. ಆತ ಬಾಳೆಹಣ್ಣು ತಿಂದು ಡ್ಯೂಟಿ ಮಾಡುತ್ತಿದ್ದಾನೆಂದು ಸುದ್ದಿ. ಕ್ಯಾಂಟೀನಿಗೆ ಬರುವಂತಿಲ್ಲ, ಕೂಗಿದವನೇ ತಾನು. ಕೇಳುವಂತೆಯೂ ಇಲ್ಲ. ಕರುಣೆ ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಜುಲೈ 7, ರವಿವಾರ. ಬೆಳಿಗ್ಗೆ 11

ನನಗೆ ವಾರದ ರಜೆ. ಆತನಿಗೆ ಸೆಕೆಂಡ್ ಶಿಫ್ಟು. ಅಡಿಗೆಮನೆಯಲ್ಲಿ ಸದ್ದು — ಜೋಳದ ಹಿಟ್ಟಿನ ಡಬ್ಬ ತೆಗೆದಿದ್ದಾನೆ. ತಾನೇ ರೊಟ್ಟಿ ತಟ್ಟುತ್ತಿದ್ದಾನೆ.

ಒಳಕೋಣೆಯಿಂದ ಕಾಣುತ್ತದೆ: ಹಿಟ್ಟಿಗೆ ಸುರಿದದ್ದು ಕೊಡದೊಳಗಿನ ತಣ್ಣೀರು. ಕುದಿ ನೀರು ಹಾಕದಿದ್ದರೆ ಜಿಗಿ ಬರುವುದಿಲ್ಲ, ಒಡೆಯುತ್ತದೆ. ಇಲ್ಲಿಂದಲೇ ಹೇಳಬಹುದಿತ್ತು. ಹೇಳಲಿಲ್ಲ.

ಒಂದು ಒಡೆಯಿತು. ಮುದ್ದೆ ಮಾಡಿ ಮತ್ತೆ ತಟ್ಟಿದ. ಮತ್ತೆ ಒಡೆಯಿತು. ಹಂಚು ಸೀಯುವ ವಾಸನೆ. ಕೆಮ್ಮು.

ಸದ್ದು ನಿಂತಿತು. ಬಾಗಿಲಿಗೆ ಬಂದು ನಿಂತಿದ್ದಾನೆ. ಮೊಣಕೈವರೆಗೆ ಹಿಟ್ಟು. ತಲೆ ಎತ್ತದೆ ಬರೆಯುತ್ತಿದ್ದೇನೆ. ಗಂಟಲು ಸರಿಮಾಡಿಕೊಂಡ. ಮೂರೂವರೆ ತಿಂಗಳ ಮೇಲೆ ಮೊದಲ ಸಲ ಮಾತಿಗೆ ನಿಂತಿದ್ದಾನೆ.

"ಏನ್ ಕೇಳ್ಬೇಕದ, ಕೇಳ್ರಿ" ಎಂದೆ.

ಕೇಳಿದ — "ರೊಟ್ಟಿ ಒಡಿಲಾರದಂಗ ಹ್ಯಾಂಗ ತಟ್ತಿ?"