ಎರಡು ಮೊಟ್ಟೆ ಸಿಕ್ಕಿಕೊಂಡಿರುವ ಆತಾವ್‌ಗೂ ಬಾಗಿಲು ತೆರೆಯಿರಿ

ನಗರ ಪ್ರಾಣಿ ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಸಾಕುಹಾವು ಆತಾವ್ ಮಂಗಳವಾರ ಒಂಬತ್ತು ಮೊಟ್ಟೆಯಿಟ್ಟಳು. ಇನ್ನೆರಡು ಹೊಟ್ಟೆಯಲ್ಲೇ ಸಿಕ್ಕಿಕೊಂಡಿವೆ. ಇಂದು ಶನಿವಾರ. ನಿಮ್ಮ ಆಸ್ಪತ್ರೆ ಅವಳನ್ನು ಮುಟ್ಟಿಯೂ ನೋಡಿಲ್ಲ.

ಗುರುವಾರ ಅವಳಿದ್ದ ಬುಟ್ಟಿ ಅಪ್ಪಿಕೊಂಡು ನಿಮ್ಮಲ್ಲಿ ಸರತಿಯಲ್ಲಿ ನಿಂತಿದ್ದೆ. ನಮ್ಮ ತೈವಾನಿನಲ್ಲಿ ಮಗು ಕೂರಿಸುವ ತಳ್ಳುಗಾಡಿಗಳಲ್ಲಿ ಈಗ ಮಕ್ಕಳಿಗಿಂತ ನಾಯಿಗಳೇ ಹೆಚ್ಚು. ನನ್ನ ಹಿಂದೆ ನೆರೆಮನೆಯ ಶ್ರೀಮತಿ ಕುವೋ ಅಂಥದ್ದೇ ಗಾಡಿಯಲ್ಲಿ ತಮ್ಮ ಪೂಡಲ್ ನಾಯಿಯನ್ನು ಕೂರಿಸಿಕೊಂಡಿದ್ದರು. ನಾಲ್ಕು ಕಾಲಿಗೂ ಕಾಲುಚೀಲ! ಬಂದದ್ದು ಉಗುರು ಕತ್ತರಿಸಲು.

“ಯಾವ ಪ್ರಾಣಿ ಮೇಡಂ?” ಎಂದಳು ಕೌಂಟರಿನ ಹುಡುಗಿ.

“ಹಾವು. ಮೊಟ್ಟೆ ಸಿಕ್ಕಾಕೊಂಡಿದೆ.”

“ಫಾರಂನಲ್ಲಿ ನಾಯಿ, ಬೆಕ್ಕು ಎರಡೇ ಇರೋದು. ಹಿಂದಿನವ್ರು ಬನ್ನಿ.”

“ಅಯ್ಯೋ, ಹಾವಿಗೂ ಹೆರಿಗೆ ನೋವಾ?” ಎಂದು ನಗುತ್ತಾ ಶ್ರೀಮತಿ ಕುವೋ ಗಾಡಿ ತಳ್ಳಿಕೊಂಡು ಒಳಗೆ ಹೋದರು.

ಮುಚ್ಚಿಡುವುದೇಕೆ? ಹೊಟ್ಟೆಕಿಚ್ಚಿನಿಂದ ಉರಿದುಹೋದೆ. ಆ ನಾಯಿಯ ಮೇಲೆ, ಅದರ ಕಾಲುಚೀಲದ ಮೇಲೆ, ಅದನ್ನು ‘ಬಾರೋ ರಾಜಾ’ ಎಂದು ಕರೆದ ನಿಮ್ಮ ವೈದ್ಯರ ಮೇಲೆ. ಕಾಲಿಲ್ಲದೆ ಹುಟ್ಟಿದ್ದು ಆತಾವ್ ಮಾಡಿದ ತಪ್ಪೇ? ಕೂದಲಿದ್ದವರಿಗೆ ಮಾತ್ರ ನೋವಾಗುತ್ತದೆಂದು ಯಾವ ಸುತ್ತೋಲೆಯಲ್ಲಿದೆ? ಹಾವು ನೋಡುವ ಖಾಸಗಿ ವೈದ್ಯರು ಊರಲ್ಲೇ ಇಲ್ಲ. ನೀವಲ್ಲದೆ ನಮಗೆ ಇನ್ಯಾರು ಗತಿ?

ತಪ್ಪು ನಮ್ಮದೂ ಇದೆ. ಮೊಟ್ಟೆಯಿಡಲು ಒದ್ದೆ ಪಾಚಿಯ ಡಬ್ಬಿ ಇಡಬೇಕು. ಒಪ್ಪುವ ಜಾಗ ಸಿಗದಿದ್ದರೆ ಹಾವು ಮೊಟ್ಟೆಗಳನ್ನು ತಡೆಹಿಡಿಯುವುದುಂಟು. ಮೊಟ್ಟೆಯಿಡುವ ಮುಂಚೆ ಡಬ್ಬಿಗೆ ಜಾಗ ಮಾಡಲು ಗೂಡು ಸರಿಸಹೋದಾಗ ಅಮ್ಮ ಕೈ ಹಿಡಿದು ತಡೆದಳು.

“ಬಸುರಿ ಇರೋ ಮನೇಲಿ ಸಾಮಾನು ಕದಲಿಸ್ಬಾರ್ದು ಕಣೇ! ಗರ್ಭ ಕಾಯೋ ದೇವ್ರು ಎಲ್ಲಿ ಕೂತಿರ್ತಾನೋ ಏನೋ.”

“ಅಮ್ಮಾ, ಅದು ಹಾವು.”

“ಹಾವಾದ್ರೇನು, ಬಸುರಿ ಅಲ್ವಾ?”

ನನಗೆ ನಲವತ್ತಾರು, ಮದುವೆಯಿಲ್ಲ. ಈ ಮಾತು ಹೇಳಲು ಅಮ್ಮ ಇಪ್ಪತ್ತು ವರ್ಷ ಕಾದಿದ್ದಳು. ಡಬ್ಬಿ ಇಡದೆಯೇ ಬಿಟ್ಟೆ. ಮಂಗಳವಾರ ಅವಳು ಬಾಣಂತಿಯರಿಗೆ ಮಾಡುವ ಎಳ್ಳೆಣ್ಣೆ ಕೋಳಿಸಾರನ್ನು ಗೂಡಿನ ಮುಂದೆ ತಂದಿಟ್ಟಳು, ಇಲಿ ತಿನ್ನುವವಳಿಗೆ! ನನಗೆ ಜ್ವರ ಬಂದಾಗಲೂ ಅಷ್ಟು ಶುಂಠಿ ಹಾಕಿರಲಿಲ್ಲ. ಹೌದು ಸ್ವಾಮಿ, ಹಾವಿನ ಮೇಲೂ ಹೊಟ್ಟೆಕಿಚ್ಚೇ. ಈಗ ಅಮ್ಮ ಊಟ ಬಿಟ್ಟಿದ್ದಾಳೆ. “ನಾನೇ ತಡೆದೆ, ನಾನೇ ತಡೆದೆ” ಎನ್ನುತ್ತಾಳೆ.

ಎಕ್ಸ್-ರೇ ನಿಮ್ಮಲ್ಲಿದೆ, ಸೂಜಿಯಿದೆ, ಕೈ ಪಳಗಿದ ವೈದ್ಯರಿದ್ದಾರೆ. ಸೋಮವಾರ ಬೆಳಿಗ್ಗೆ ಆತಾವ್‌ಳನ್ನು ನೋಡಲೇಬೇಕು. ಬುಟ್ಟಿ ಹಿಡಿದು ಅಮ್ಮನೇ ಬರುತ್ತಾಳೆ, ಅವಳಿಗೆ ಎಪ್ಪತ್ತೆಂಟು ವರ್ಷ. ಅವಳನ್ನು ಯಾವ ಪ್ರಾಣಿ ಎಂದು ಕೇಳಬೇಡಿ. ನೋವು ಶುರುವಾಗಿ ಎಷ್ಟು ದಿನವಾಯಿತಮ್ಮಾ ಎಂದು ಕೇಳಿ.

ಇಂತಿ,
ನಾಯಿ ಸಾಕುವಷ್ಟು ಬುದ್ಧಿ ಸಾಲದ
ಚ್ಯೆನ್ ಪೀಹ್ವಾ