ಬರೆದುಕೊಂಡ ಹೆಸರನ್ನು ಕೂಗುವವರು ಯಾರು?

ದಾವಣಗೆರೆ
೧೮ ಏಪ್ರಿಲ್ ೧೯೮೩

ಮಾನ್ಯ ಬಂದರು ಅಧಿಕಾರಿಗಳೇ,

ನಿಮ್ಮ ಕಚೇರಿಯ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ಸಿಲ್ಲಿನ ಪಕ್ಕದಲ್ಲಿ, ಒಂದು ಉದ್ದನೆಯ ಪುಸ್ತಕವಿದೆ. ದ್ವೀಪಕ್ಕೆ ಹೋಗುವವರು ತಮ್ಮ ಹೆಸರು, ಊರು, ಹೋಗುವ ದಿನ, ಹಿಂತಿರುಗುವ ದಿನ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಆ ಪುಸ್ತಕದ ಪ್ರಕಾರ ನಾವು ನಾಲ್ಕು ಜನ ಫೆಬ್ರವರಿ ಹದಿನೇಳನೇ ತಾರೀಖು ಗುರುವಾರ ವಾಪಸು ಬರಬೇಕಿತ್ತು. ಬರಲಿಲ್ಲ. ಶುಕ್ರವಾರವೂ ಬರಲಿಲ್ಲ, ಶನಿವಾರವೂ ಬರಲಿಲ್ಲ. ನಿಮ್ಮ ಕಚೇರಿ ಆ ಪುಟವನ್ನು ತೆರೆದು ನೋಡಲಿಲ್ಲ. ನನ್ನ ದೂರು ಇಷ್ಟೇ. ಆದರೆ ಇದು ನಮ್ಮ ನಾಲ್ವರದ್ದೇ ದೂರಾಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ನಮ್ಮ ಹೆಸರಿನ ಮೇಲಿನ ಸಾಲಿನಲ್ಲಿ ಇನ್ನಿಬ್ಬರ ಹೆಸರಿದೆ. ಅವರು ವಾಪಸು ಬಂದಿದ್ದಾರೆಯೇ ಎಂದು ಎರಡು ತಿಂಗಳಿಂದ ಕೇಳುತ್ತಿದ್ದೇನೆ. ನೀವು ಉತ್ತರ ಕೊಡುತ್ತಿಲ್ಲ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಹರಿಹರದ ಹತ್ತಿರ ಹೊಳೆದಂಡೆಯ ಹಳ್ಳಿಯಲ್ಲಿ ಹುಟ್ಟಿದವನು. ಈಗ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ತೂಕ ಮಾಡುವ ಕೆಲಸ. ನಮ್ಮ ಅಜ್ಜಿಯಿಂದ ಕಲಿತ ಕಥೆಗಳನ್ನು ಭಟ್ಟಿಯಲ್ಲಿ ಹೇಳುತ್ತಿರುತ್ತೇನೆ. ಏಳು ಸಮುದ್ರದ ಆಚೆ ಒಂದು ದ್ವೀಪ, ದ್ವೀಪದ ನಡುವೆ ಒಂದು ಮರ, ಮರದ ಪೊಟರೆಯಲ್ಲಿ ರಾಕ್ಷಸನ ಪ್ರಾಣ. ಇಂಥವೇ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಇಮಾಂಬೀ ಇಪ್ಪತ್ತು ವರ್ಷ ಇವನ್ನು ಕೇಳಿದವಳು. ಹೊಟ್ಟಿನ ಹೊಗೆ ಕುಡಿದು ಕುಡಿದು ಅವಳಿಗೆ ದಮ್ಮು ಹತ್ತಿದೆ. ಎಂಟು ಮೆಟ್ಟಿಲು ಹತ್ತಿದರೆ ಒಂಬತ್ತನೆಯದರ ಮೇಲೆ ಕೂರಬೇಕು. ಕಳೆದ ದೀಪಾವಳಿ ಹೊತ್ತಿಗೆ ಅವಳು ಕೇಳಿದಳು:

"ಬಕ್ಕಣ್ಣ, ಇಷ್ಟು ವರ್ಸದಿಂದ ದ್ವೀಪ ದ್ವೀಪ ಅಂತೀಯಲ್ಲ, ಒಂದ್ ಸಲನಾದ್ರೂ ನೋಡೀಯೇನು?"

"ಹೊಳ್ಯಾಗಿನ ನಡುಗಡ್ಡೆ ನೋಡೀನಿ ತಗಾ."

"ಅದು ಎಮ್ಮಿ ಮೇಯೋ ಜಾಗ. ಸುತ್ತ ನೀರು, ಹೊಗಿ ಅನ್ನೋದೇ ಇಲ್ಲ, ಅಂಥಾದ್ ನಿಜವಾಗ್ಲೂ ಐತೋ, ಇಲ್ಲಾ ನಿಮ್ಮಜ್ಜಿ ಸುಳ್ಳೋ?"

ಮಾತು ಅಜ್ಜಿಯ ತನಕ ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ.

ಭಟ್ಟಿಯವರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಆಗ ನಿಮ್ಮ ಸಮುದ್ರ ಯಾರನ್ನೂ ಒಳಗೆ ಬಿಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಹಳೆಯ ಒಲೆ ಕೆಡವಿ ಹೊಸದು ಕಟ್ಟುತ್ತಾರೆ. ಅದು ಒಣಗುವ ತನಕ ಎಂಟು ದಿನ ಕೆಲಸ ನಿಲ್ಲುತ್ತದೆ. ಆ ಎಂಟು ದಿನಕ್ಕೆ ಮೂರು ತಿಂಗಳು ಯೋಜನೆ ಹಾಕಿದೆವು. ಹೊರಡುವವರು ನಾನು, ನನ್ನ ಹೆಂಡತಿ ಕಸ್ತೂರಮ್ಮ, ಇಮಾಂಬೀ, ಮತ್ತು ಒಲೆ ಕಟ್ಟುವ ಅವಳ ತಮ್ಮ ಕುತುಬುದ್ದೀನ್. ಪ್ರವಾಸದ ಇಲಾಖೆಯಿಂದ ಬಣ್ಣದ ಹಾಳೆ ತರಿಸಿದೆ. ಅದರಲ್ಲಿದ್ದ ದ್ವೀಪಕ್ಕೆ ಸೀಟಿ ಊದುವ ಲಾಂಚು, ಕೊಡೆ ನೆಟ್ಟ ಕುರ್ಚಿ, ತಣ್ಣನೆಯ ಶರಬತ್ತು ಎಲ್ಲ ಇದ್ದವು. ನಮ್ಮಂಥವರಿಗೆ ಜಾಗ ಮಾತ್ರ ಇರಲಿಲ್ಲ. ಆದ್ದರಿಂದ ಹಾಳೆಯಲ್ಲಿ ಇಲ್ಲದ ದ್ವೀಪ ಹುಡುಕಿದೆವು. ಸಾಗರ ತಾಲ್ಲೂಕಿನ ಒಬ್ಬ ಲಾರಿ ಡ್ರೈವರ್ ನಿಮ್ಮ ಊರಿನ ಹೆಸರು ಹೇಳಿದ. ನಿಮಗೆ ಪತ್ರ ಬರೆದೆ. ಹೋಗಬಹುದು, ಬಾವಿ ಇದೆ, ಪುಸ್ತಕದಲ್ಲಿ ಹೆಸರು ನೋಂದಾಯಿಸತಕ್ಕದ್ದು ಎಂದು ನಿಮ್ಮ ಕಚೇರಿ ಉತ್ತರಿಸಿತು. ಆ ಉತ್ತರವನ್ನು ಕುತುಬುದ್ದೀನ್ ಭಟ್ಟಿಯಲ್ಲಿ ಎಲ್ಲರಿಂದಲೂ ಎರಡೆರಡು ಸಲ ಓದಿಸಿ ಕೇಳಿದ. ಸರ್ಕಾರ ನಮಗೆ ಕಾಗದ ಬರೆದದ್ದು ಅದೇ ಮೊದಲು.

ಬಾಡಿಗೆ ಕೋಣೆ ಬೇಡ. ಭತ್ತ ಒಣಗಿಸುವ ತಾಡಪಾಲು ಇದೆ. ಹೋಟೆಲು ಬೇಡ, ಎರಡು ಚೀಲ ಮಂಡಕ್ಕಿ, ಅಕ್ಕಿ, ಬೇಳೆ, ಖಾರದ ಪುಡಿ ಇದೆ. ಸೀಮೆಎಣ್ಣೆ ಬೇಡ, ಭತ್ತದ ಹೊಟ್ಟು ನಮಗೆ ಪುಕ್ಕಟೆ, ಅದರದೂ ಒಂದು ಚೀಲ ಕಟ್ಟಿದೆವು. ಬಸ್ಸಿನ ಮೇಲೆ ಅದನ್ನು ಏರಿಸುವಾಗ ಕಂಡಕ್ಟರ್ ಕೇಳಿದ: "ಏನ್ರಿ ಸಾಹೇಬ್ರೆ, ಸಮುದ್ರಕ್ಕೆ ಹೊಟ್ಟು ತುಂಬಾಕ್ ಹೊಂಟೀರೇನು?" ಬಸ್ಸಿಗೆ ಬಸ್ಸೇ ನಕ್ಕಿತು. ನಾವೂ ನಕ್ಕೆವು. ಆ ಚೀಲದ ಮಾತು ಮುಂದೆ ಬರುತ್ತದೆ.

ಈಗ ನಮ್ಮ ತಪ್ಪನ್ನು ಹೇಳುತ್ತೇನೆ. ಮುಚ್ಚಿಟ್ಟು ದೂರುವುದು ನ್ಯಾಯವಲ್ಲ.

ದೋಣಿಯವನು ನಮ್ಮನ್ನು ದ್ವೀಪದಲ್ಲಿ ಇಳಿಸುವಾಗ ಹೇಳಿದ: "ಗುರುವಾರ ಮಧ್ಯಾಹ್ನ ಬತ್ತೆ. ನಂಗೇ ಎಂತಾದ್ರೂ ಆದ್ರೆ ಅಂತ ನನ್ನ ಅಣ್ಣನಿಗೊಂದು ಹೇಳಿಡ್ಲಾ?" ಕುತುಬುದ್ದೀನ್ ಕೈ ಬೀಸಿಬಿಟ್ಟ. "ಏ ಬ್ಯಾಡ ಬಿಡ್ರಿ. ಆಫೀಸ್ ಬುಕ್ಕಿನಾಗೆ ನಮ್ಮ ಹೆಸರು ಬರ್ಕೊಂಡಾರೆ." ನಾವು ಮೂವರೂ ತಲೆ ಆಡಿಸಿದೆವು.

ಯಾಕೆ ಅಷ್ಟು ನಂಬಿದೆವು? ನಿಮ್ಮ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ಹಾಗೆಂದು ಬರೆದಿತ್ತು: ನಿಗದಿತ ದಿನ ಹಿಂತಿರುಗದವರನ್ನು ಕರೆತರಲು ಕಚೇರಿಯ ದೋಣಿ ಕಳುಹಿಸಲಾಗುವುದು. ಆದರೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಭಟ್ಟಿಯಲ್ಲಿದೆ. ಹದಿನಾಲ್ಕು ವರ್ಷದ ಹಿಂದೆ ಹಂಪವ್ವ ಎಂಬ ಒಂಟಿ ಹೆಂಗಸು ನಮ್ಮಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಹೊಟ್ಟಿನ ರಾಶಿಯ ಹಿಂದೆ ಹೊಗೆಗೆ ತಲೆಸುತ್ತಿ ಬಿದ್ದಳು. ಯಾರೂ ನೋಡಲಿಲ್ಲ. ಬಾಗಿಲಿಗೆ ಬೀಗ ಹಾಕಿದೆವು. ಬೆಳಿಗ್ಗೆ ತೆಗೆದಾಗ ಹಂಪವ್ವ ಉಳಿದಿರಲಿಲ್ಲ. ಅಂದಿನಿಂದ ಬೀಗ ಹಾಕುವ ಮೊದಲು ಇಮಾಂಬೀ ಬಾಗಿಲಲ್ಲಿ ನಿಂತು ಹಾಜರಿಯ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾಳೆ. ತಮ್ಮ ಹೆಸರು ಕೇಳಿದವರು "ಅದೀನಿ", ಅಂದರೆ ಇದ್ದೇನೆ, ಎನ್ನಬೇಕು. ಒಂದು "ಅದೀನಿ" ಕಡಿಮೆಯಾದರೂ ಬೀಗ ಬೀಳುವುದಿಲ್ಲ. ಮಾಲೀಕರು ಗೊಣಗಲಿ, ಬಸ್ಸು ತಪ್ಪಲಿ. ಹೆಸರು ಬರೆದುಕೊಂಡವರು ಆ ಹೆಸರನ್ನು ಕೂಗಿಯೇ ಕೂಗುತ್ತಾರೆ ಎಂದು ಹದಿನಾಲ್ಕು ವರ್ಷದಿಂದ ನಂಬಿದವರು ನಾವು. ಲೋಕವೆಲ್ಲ ಒಂದು ಮಂಡಕ್ಕಿ ಭಟ್ಟಿ ಎಂದುಕೊಂಡದ್ದು ನಮ್ಮ ತಪ್ಪು.

ಮೊದಲ ಎರಡು ದಿನಕ್ಕೆ ಸಾಟಿಯಿಲ್ಲ. ಇಮಾಂಬೀ ಬಂಡೆಯ ಮೇಲೆ ಕೂತು ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರಾಡಿದಳು. "ನೋಡ್ರಿ, ನೋಡ್ರಿ, ಸೀಟಿ ಹೊಡೀವಲ್ದು" ಎಂದು ನಮ್ಮನ್ನೆಲ್ಲ ಕರೆದು ತನ್ನ ಎದೆಯ ಸದ್ದು ಕೇಳಿಸಿದಳು. ಬಾವಿಯಲ್ಲಿ ನೀರಿತ್ತು, ನಿಮ್ಮ ಕಾಗದ ಸುಳ್ಳಲ್ಲ. ಒಂದು ಚೊಂಬು ಊರಲು ಅರ್ಧ ಗಂಟೆ ಬೇಕು ಎಂಬುದನ್ನು ಅದು ಹೇಳಿರಲಿಲ್ಲ, ಅಷ್ಟೇ. ಪಡುವಣಕ್ಕೆ ಇನ್ನೊಂದು ಚಿಕ್ಕ ದ್ವೀಪ ಕಾಣುತ್ತಿತ್ತು, ಬರೀ ಕಲ್ಲು ಮತ್ತು ಪೊದೆ. ಅದನ್ನೂ ನೋಡುತ್ತ ಕೂತೆವು.

ಗುರುವಾರ ಗಂಟು ಕಟ್ಟಿಕೊಂಡು ಕಾದೆವು. ದೋಣಿಯವನು ಬುಧವಾರವೇ ಜ್ವರ ಬಂದು ಎಚ್ಚರ ತಪ್ಪಿ ಮಲಗಿದ್ದಾನೆಂದು ನಮಗೆ ಗೊತ್ತಿರಲಿಲ್ಲ. ಶುಕ್ರವಾರ ಗಂಟು ಬಿಚ್ಚಿದೆವು. ಮಂಡಕ್ಕಿ ಸಮುದ್ರದ ಗಾಳಿಗೆ ಮೆತ್ತಗಾಗಿ ಒದ್ದೆ ಬಟ್ಟೆ ಅಗಿದ ಹಾಗಾಗಿತ್ತು. ನುಂಗಿದರೆ ನೀರು ಕೇಳುತ್ತದೆ, ನೀರು ಕೇಳಿದರೆ ಬಾವಿ ಕೊಡುವುದಿಲ್ಲ. ದೂರದಲ್ಲಿ ಎರಡು ಮೀನುದೋಣಿ ಹೋದವು. ಕೂಗಿದೆವು, ಕಸ್ತೂರಮ್ಮ ಸೀರೆ ಬೀಸಿದಳು, ಅವರಿಗೆ ಕಾಣಲಿಲ್ಲ. ಶುಕ್ರವಾರ ಸಂಜೆ ಬಾವಿಯ ನೀರು ಉಪ್ಪಾಯಿತು. ಆಮೇಲೆ ಇಮಾಂಬೀಗೆ ದಮ್ಮು ಎದ್ದಿತು. ಮಾತ್ರೆ ಗುರುವಾರದ ತನಕ ಲೆಕ್ಕ ಹಾಕಿ ತಂದದ್ದು, ಮುಗಿದಿತ್ತು. ಶನಿವಾರ ಅವಳು ಮಲಗಲಾರಳು, ನೆಟ್ಟಗೆ ಕೂರಲಾರಳು. ಎರಡು ಮೊಣಕೈ ಮೊಣಕಾಲಿನ ಮೇಲೆ ಊರಿ ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಎಳೆಯುತ್ತಿದ್ದಳು. ಕುತುಬುದ್ದೀನ್ ಅಕ್ಕನ ಬೆನ್ನು ತಿಕ್ಕುತ್ತ ಅಂದ: "ಬುಕ್ ನೋಡಿರ್ತಾರೆ ಬಕ್ಕಣ್ಣ. ಹೊಂಟಿರ್ತಾರೆ." ಗಂಟೆಗೊಮ್ಮೆ ಅದನ್ನೇ ಅಂದ. ಸಂಜೆಯಾಗುವ ಹೊತ್ತಿಗೆ ಅನ್ನುವುದನ್ನು ಬಿಟ್ಟ.

ಭಾನುವಾರ ಬೆಳಕು ಹರಿಯುವಾಗ ಇಮಾಂಬೀ ನನ್ನ ತೋಳು ಹಿಡಿದಳು. ಮೂರು ಉಸಿರಿಗೆ ಒಂದು ಮಾತು.

"ಹೊಟ್ಟು... ಉಳದೈತಾ?"

"ಅರ್ಧ ಚೀಲ ಐತೆ."

"ತಮ್ಮಗೆ ಒಲಿ ಕಟ್ಟು ಅನ್ನು. ಹಸಿ ಸೊಪ್ಪು ಹಾಕ್ರಿ. ಹೊಗಿ... ಹೊಗಿ ಎಬ್ಬಸ್ರಿ."

"ನಿನ್ನ ಗತಿ ಏನಕ್ಕ? ಹೊಗಿ ಬಡದ್ರೆ ಸತ್ತೋಗ್ತಿ."

"ಗಾಳಿ ಕಡಿಗೆ... ಕೂಡ್ಸು ನನ್ನ. ಬೇಗ."

ಹೊಗೆಯಿಲ್ಲದ ಜಾಗ ಬೇಕೆಂದು ಬಂದವಳು ಹೊಗೆ ಕೇಳಿದಳು. ಕುತುಬುದ್ದೀನ್ ಕಲ್ಲು ಜೋಡಿಸಿ, ಉಪ್ಪು ನೀರಿನಲ್ಲಿ ಮಣ್ಣು ಕಲಸಿ, ಮೊಳದೆತ್ತರದ ಒಲೆ ಎಬ್ಬಿಸಿದ. ಅಳುತ್ತಲೇ ಕಟ್ಟಿದ, ಆದರೆ ಒಲೆಯ ಬಾಯಿ ಎತ್ತ ಇಡಬೇಕು ಎಂಬುದರಲ್ಲಿ ತಪ್ಪಲಿಲ್ಲ. ಹೊಟ್ಟು ಹೊತ್ತಿಕೊಂಡ ಮೇಲೆ ಹಸಿ ಸೊಪ್ಪು ಒತ್ತಿದೆವು. ದಾವಣಗೆರೆಯ ಆಕಾಶದಲ್ಲಿ ದಿನಾ ಏಳುವ ಹೊಗೆ ನಿಮ್ಮ ಸಮುದ್ರದ ಮೇಲೆ ಕಂಬದ ಹಾಗೆ ಎದ್ದಿತು. ಗಾಳಿ ಎಲ್ಲಿ ತಿರುಗೀತೋ ಎಂದು ನಾನೂ ಕಸ್ತೂರಮ್ಮನೂ ತಾಡಪಾಲು ಅಡ್ಡ ಹಿಡಿದು ನಿಂತೆವು. ಎರಡು ಸಲ ತಿರುಗಿತು. ಎರಡನೆಯ ಸಲ ಇಮಾಂಬೀಯ ತುಟಿ ನೀಲಿಯಾದದ್ದನ್ನು ನೋಡಿದೆ. ಒಲೆಗೆ ಮರಳು ಸುರಿಯಲು ಓಡಿದರೆ ಅವಳು ಕೈಯಲ್ಲೇ ಬೇಡವೆಂದಳು. ಚೀಲದ ತಳದ ಹೊಟ್ಟು ಉರಿಯುತ್ತಿರುವಾಗ ಒಂದು ಮೀನುದೋಣಿ ನಮ್ಮ ಕಡೆಗೆ ಮೂತಿ ತಿರುಗಿಸಿತು.

ಅವಳು ಉಳಿದದ್ದು ನಿಮ್ಮ ಊರಿನ ಆಸ್ಪತ್ರೆಯ ನರ್ಸಮ್ಮನಿಂದ, ಆ ಮೀನುಗಾರರಿಂದ, ಅರ್ಧ ಚೀಲ ಹೊಟ್ಟಿನಿಂದ. ನಿಮ್ಮ ಗೋಡೆಯ ನೀಲಿ ಅಕ್ಷರದಿಂದ ಅಲ್ಲ. ದೋಣಿಯವನ ಹೆಂಡತಿ ಗುರುವಾರ ಬೆಳಿಗ್ಗೆಯೇ ನಿಮ್ಮ ಕಚೇರಿಗೆ ಬಂದು, ಗಂಡನಿಗೆ ಎಚ್ಚರವಿಲ್ಲ, ದ್ವೀಪದಲ್ಲಿ ನಾಲ್ಕು ಜನ ಇದ್ದಾರೆ ಎಂದು ಹೇಳಿಹೋಗಿದ್ದಳಂತೆ. "ಪುಸ್ತಕದಲ್ಲಿ ಇದೆ, ನೋಡಿಕೊಳ್ತೇವೆ" ಎಂದರಂತೆ. ಪಾಪ, ಅವಳೂ ಪುಸ್ತಕವನ್ನು ನಂಬಿದಳು.

ಸೋಮವಾರ, ವಾಪಸು ಬಂದೆವೆಂದು ಪುಸ್ತಕದಲ್ಲಿ ಸಹಿ ಹಾಕಲು ನಿಮ್ಮ ಕಚೇರಿಗೆ ಹೊರಟೆವು. ಆಸ್ಪತ್ರೆಯಲ್ಲಿ ಮಲಗಿರು ಎಂದರೆ ಇಮಾಂಬೀ ಕೇಳಲಿಲ್ಲ. "ನನ್ನ ಹೆಸರಿಗೆ ನಾನೇ ಅದೀನಿ ಅನ್ಬೇಕು" ಎಂದಳು. ನಿಮ್ಮ ಗುಮಾಸ್ತರು ನಮ್ಮನ್ನು ನೋಡಿ ಅಂದದ್ದು: "ಗುರುವಾರ ಬರಬೇಕಿತ್ತು. ತಡವಾದ್ದಕ್ಕೆ ಕಾರಣ ಬರೆದುಕೊಡಿ. ಸಾಹೇಬರು ಒಪ್ಪಿದ ಮೇಲೆ ಸಹಿ." ಕಾರಣ! ಸ್ವಾಮಿ, ಆ ಕಾರಣವನ್ನು ನಾವು ಯಾರ ಹೆಸರಿನಲ್ಲಿ ಬರೆಯಬೇಕಿತ್ತು? ಸಾಹೇಬರಾದ ನೀವು ಪ್ರವಾಸದಲ್ಲಿದ್ದಿರಿ. ಆದ್ದರಿಂದ ನಿಮ್ಮ ದಾಖಲೆಯಲ್ಲಿ ನಾವು ಇಂದಿಗೂ ದ್ವೀಪದಲ್ಲೇ ಇದ್ದೇವೆ.

ಆಗಲೇ ನಾನು ಮೇಲಿನ ಸಾಲನ್ನು ನೋಡಿದ್ದು. ಕರಿಬಸವರಾಜ, ಶಾಂತಕುಮಾರಿ. ಊರು: ಹರಿಹರ. ಪಡುವಣದ ಚಿಕ್ಕ ದ್ವೀಪ. ಹೋದದ್ದು ಜನವರಿ ಇಪ್ಪತ್ತಾರು, ಹಿಂತಿರುಗುವುದು ಇಪ್ಪತ್ತೆಂಟು. ಸಹಿಯ ಜಾಗ ಖಾಲಿ. ಕರೆದೊಯ್ದ ದೋಣಿ ಯಾವುದೆಂದು ಬರೆಯುವ ಜಾಗವೇ ಆ ಪುಸ್ತಕದಲ್ಲಿಲ್ಲ. ಕೇಳಿದರೆ ಗುಮಾಸ್ತರು "ಬಂದಿರ್ತಾರೆ ಬಿಡಿ" ಎಂದರು. ನಾವು ಐದು ದಿನ ಆ ಕಲ್ಲಿನ ದ್ವೀಪವನ್ನು ನೋಡುತ್ತ ಕೂತಿದ್ದೆವು. ಅಲ್ಲಿ ಯಾರನ್ನಾದರೂ ಹುಡುಕಬೇಕೆಂದು ನಮಗೆ ಗೊತ್ತಿರಲಿಲ್ಲ. ನಮ್ಮನ್ನು ಉಳಿಸಿದ ಮೀನುಗಾರನನ್ನು ಬೇಡಿಕೊಂಡೆ. ಆ ದ್ವೀಪಕ್ಕೆ ಇಳಿಯಲು ನಿಮ್ಮ ಅಪ್ಪಣೆ ಬೇಕಂತೆ, ಇಲ್ಲದಿದ್ದರೆ ದೋಣಿ ಹಿಡಿಯುತ್ತಾರಂತೆ. ಹೋದವರನ್ನು ಕರೆತರುವ ನಿಯಮ ಮಲಗಿದ್ದರೂ ಹೋಗದಂತೆ ತಡೆಯುವ ನಿಯಮ ಎದ್ದು ಕೂತಿದೆ ಎಂದಾಯಿತು.

ಇಮಾಂಬೀ ನನ್ನಿಂದ ಆ ಸಾಲು ಓದಿಸಿದಳು. ಆಮೇಲೆ ನಿಮ್ಮ ಕಚೇರಿಯ ಜಗುಲಿಗೆ ಹೋಗಿ, ಕಂಬ ಹಿಡಿದು, ಸಮುದ್ರದ ಕಡೆ ಮುಖ ಮಾಡಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು. ಕರಿಬಸವರಾಜಾ. ಶಾಂತಕುಮಾರೀ. ನಿಮ್ಮ ಗುಮಾಸ್ತರು ಪೆನ್ಸಿಲು ಕೆಳಗಿಟ್ಟರು.

ಊರಿಗೆ ಬಂದ ಮೇಲೆ ನಾನು ಐದು ಭಾನುವಾರ ಹರಿಹರದ ಓಣಿ ಓಣಿ ಅಲೆದೆ. ನಮ್ಮ ಕಡೆ ಆ ಹೆಸರಿಗೆ ಬರವಿಲ್ಲ. ಹನ್ನೊಂದು ಜನ ಕರಿಬಸವರಾಜರು ಸಿಕ್ಕರು. ಒಬ್ಬರಂತೂ "ನಾನು ಸಮುದ್ರಕ್ಕೆ ಹೋಗಿದ್ರೆ ನಮ್ಮನೇಲಿ ಗೊತ್ತಾಗ್ತಿರಲಿಲ್ಲೇನ್ರಿ?" ಎಂದು ಹೆದರಿ ಹೆಂಡತಿಯನ್ನೇ ಕರೆದು ಕೇಳಿದರು. ಚಹಾ ಕುಡಿಸದೆ ಯಾರೂ ಕಳಿಸಲಿಲ್ಲ. ಆದರೆ ಶಾಂತಕುಮಾರಿ ಎಂಬ ಹೆಂಡತಿಯೋ ತಂಗಿಯೋ ಮಗಳೋ ಇರುವ ಕರಿಬಸವರಾಜ ಸಿಗಲಿಲ್ಲ. ಕಾಣೆಯಾಗಿದ್ದಾರೆಂದು ದೂರು ಕೊಟ್ಟವರಿಲ್ಲ ಎಂದು ನಿಮ್ಮ ಗುಮಾಸ್ತರು ಹೇಳಿದ್ದರು. ದೂರು ಕೊಟ್ಟವರಿಲ್ಲದಿದ್ದರೆ ಕಾಣೆಯಾದವರೂ ಇಲ್ಲವೇ? ನಮ್ಮ ಹಂಪವ್ವನಿಗೂ ದೂರು ಕೊಡುವವರು ಯಾರೂ ಇರಲಿಲ್ಲ.

ಅವರು ಸುಖವಾಗಿ ದಡ ಸೇರಿ, ನಿಮ್ಮ ಬಾಗಿಲಿಗೆ ಬೀಗ ಕಂಡು, ಸಹಿ ಮಾಡದೆ ಬಸ್ಸು ಹತ್ತಿರಬಹುದು. ಹಾಗೇ ಆಗಿರಲಿ. ಈ ಪತ್ರ ಓದಿ ಅವರೇ ನಗುತ್ತಿರಲಿ; ನನ್ನ ಪೆದ್ದುತನವನ್ನು ಊರೆಲ್ಲ ಆಡಿಕೊಳ್ಳಲಿ, ಸಂತೋಷ. ಆದರೆ ಹಾಗೆ ಆಗಿದೆ ಎಂದು ನೋಡಿ ಹೇಳಬೇಕಾದವರು ನೀವು.

ಇನ್ನು ಆರೇಳು ವಾರಕ್ಕೆ ಮಳೆ ಹಿಡಿಯುತ್ತದೆ. ಆಮೇಲೆ ನಾಲ್ಕು ತಿಂಗಳು ಅತ್ತ ದೋಣಿ ಹೋಗುವುದಿಲ್ಲ. ಅಷ್ಟರೊಳಗೆ ಪಡುವಣದ ದ್ವೀಪಕ್ಕೆ ದೋಣಿ ಕಳಿಸಿ. ಆ ಪುಸ್ತಕವನ್ನು ಪ್ರತಿ ಸಂಜೆ ಬೀಗ ಹಾಕುವ ಮೊದಲು ಒಬ್ಬರಾದರೂ ತೆರೆದು ಗಟ್ಟಿಯಾಗಿ ಓದಲಿ. ಅದಕ್ಕೆ ಹೊಸ ಹುದ್ದೆ ಬೇಡ, ಒಂದು ಬಾಯಿ ಸಾಕು. ನನ್ನ ವಿಳಾಸ ಬರೆದ ಕಾರ್ಡೊಂದನ್ನು ನಿಮಗೆ ಬೇರೆಯಾಗಿ ಅಂಚೆಯಲ್ಲಿ ಕಳಿಸಿದ್ದೇನೆ. ಅವರಿಬ್ಬರು ಇದ್ದಾರೆಯೇ, ಇಲ್ಲವೇ, ಅಷ್ಟನ್ನು ಬರೆದು ಡಬ್ಬಿಗೆ ಹಾಕಿ.

ಯಾಕೆಂದರೆ ಇಮಾಂಬೀ ಈಗ ಒಲೆಯ ಮುಂದೆ ಕೂರಲಾರಳು. ಸಂಜೆ ಹೆಸರು ಕೂಗಲು ಮಾತ್ರ ಬರುತ್ತಾಳೆ. ನಮ್ಮ ಹಾಜರಿಯ ಇಪ್ಪತ್ತಮೂರು ಹೆಸರು ಮುಗಿದ ಮೇಲೆ ಆ ಎರಡು ಹೆಸರನ್ನೂ ಕೂಗುತ್ತಾಳೆ. ನಾವು ಕಾಯುತ್ತೇವೆ. ನಿಮ್ಮ ಕಾರ್ಡು ಬರುವ ತನಕ ನಮ್ಮ ಭಟ್ಟಿಯ ಬೀಗ ದಿನಾ ತಡವಾಗಿಯೇ ಬೀಳುತ್ತದೆ.

ಇಂತಿ,
ನಿಮ್ಮ ಪುಸ್ತಕದಲ್ಲಿ ಇನ್ನೂ ದ್ವೀಪದಲ್ಲಿರುವ,
ಆದರೆ ಇಲ್ಲಿ ದಿನಾ ಸಂಜೆ "ಅದೀನಿ" ಎನ್ನುವ
ಬಕ್ಕೇಶಪ್ಪ, ತೂಕದವನು